ಮಾಪಣ್ಣನ ಕೈಗೆ ತಿರುಗದ ಕೀಲಿ

ಸುನೀಲಕುಮಾರನಿಗೆ ಯಾರಿಗೂ ಮುಖ ಮುರಿದು ‘ಆಗೋದಿಲ್ಲ’ ಎಂದು ಹೇಳಿ ಗೊತ್ತಿಲ್ಲ. ಊದುಬತ್ತಿ ಮಾರಲು ಬಂದವನಿಗೂ ‘ನಾಳೆ ಬಾರಪ್ಪ’ ಎನ್ನುತ್ತಾನೆ. ಮರುದಿನ ಅವನು ನಿಜವಾಗಿಯೂ ಬಂದುಬಿಟ್ಟರೆ ಹೆಂಡತಿಯನ್ನು ಮುಂದೆ ನೂಕಿ ತಾನು ಬಚ್ಚಲುಮನೆ ಸೇರುತ್ತಾನೆ. ಓಣಿಯ ಜನ ಇದನ್ನು ಒಳ್ಳೆಯತನ ಎಂದು ತಿಳಿದಿದ್ದಾರೆ. ಒಳ್ಳೆಯತನವೂ ಅಲ್ಲ, ಮಣ್ಣೂ ಅಲ್ಲ. ಬರೀ ಪುಕ್ಕಲುತನ. ಹೋದ ಏಪ್ರಿಲ್ಲಿನಲ್ಲಿ ಈ ಪುಕ್ಕಲುತನವೇ ಅವನ ಕೈಯಿಂದ ಮಾಡಬಾರದ್ದನ್ನು ಮಾಡಿಸಿತು.

ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಅವನ ಮನೆ. ತಂದೆ ದೇವೀಂದ್ರಪ್ಪ ಮಾಸ್ತರರು ಕಟ್ಟಿಸಿದ್ದು. ಮನೆಯ ಮಗ್ಗುಲಲ್ಲಿ ಬೀದಿಗೆ ಮುಖ ಮಾಡಿದ ಗ್ಯಾರೇಜು, ಅದಕ್ಕೊಂದು ಕಬ್ಬಿಣದ ಶಟರು. ಮುಂದೊಂದು ದಿನ ಕಾರು ಕೊಳ್ಳುವ ಆಸೆಯಿಂದ ಮಾಸ್ತರರು ಅದನ್ನು ಕಟ್ಟಿಸಿದ್ದರು. ಕಾರು ಬರಲಿಲ್ಲ, ಕಿಡ್ನಿ ರೋಗ ಬಂತು. ಮೇಲಿಂದ ಮೇಲೆ ಡಯಾಲಿಸಿಸ್ಸಿಗೆ ಆಸ್ಪತ್ರೆಗೆ ಹೋಗಬೇಕು, ಬರುವಾಗ ನಿಲ್ಲಲೂ ತ್ರಾಣ ಇರುತ್ತಿರಲಿಲ್ಲ. ಆಗ ಆಸರೆಯಾದವನು ಆಟೋ ಓಡಿಸುವ ಮಾಪಣ್ಣ. ಕಮಲಾಪುರದ ಶಾಲೆಯಲ್ಲಿ ಮಾಸ್ತರರ ಕೈಯಲ್ಲೇ ಅಕ್ಷರ ಕಲಿತವನು; ದೊಡ್ಡವನಾದ ಮೇಲೆ ನಗರಕ್ಕೆ ಬಂದು ಗಾಜಿಪುರದಲ್ಲಿ ಸಂಸಾರ ಹೂಡಿದ್ದ. ಮಾಸ್ತರರನ್ನು ಎರಡೂ ಕೈಯಲ್ಲಿ ಎತ್ತಿ ಆಟೋದಲ್ಲಿ ಕೂರಿಸುವನು, ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತು ಅವರ ಕಾಲು ಒತ್ತುವನು, ವಾಂತಿ ಮಾಡಿಕೊಂಡರೆ ಮುಖ ಸಿಂಡರಿಸದೆ ಒರೆಸುವನು. ಆ ಹೊತ್ತಿನಲ್ಲಿ ಮಗ ಸುನೀಲಕುಮಾರ ವಿಮಾ ಕಚೇರಿಯಲ್ಲಿ ಕುರ್ಚಿಯ ಮೇಲಿರುತ್ತಿದ್ದ. ಇದನ್ನೆಲ್ಲ ಅವನು ಮರೆತಿರಲಿಲ್ಲ. ಮರೆತಿದ್ದರೆ ಅವನಿಗೆ ಇಷ್ಟು ಸಂಕಟವಾದರೂ ಆಗುತ್ತಿರಲಿಲ್ಲ.

ಗಾಜಿಪುರದಲ್ಲಿ ಮಾಪಣ್ಣನ ಓಣಿ ಬಲು ಕಿರಿದು, ಆಟೋ ಒಳಗೆ ಹಿಡಿಸುವುದಿಲ್ಲ. ರಸ್ತೆಯಲ್ಲಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಮಾಯ. ಮಾಸ್ತರರಿಗೆ ಇದು ಗೊತ್ತಾಗಿ, ಖಾಲಿ ಬಿದ್ದ ಗ್ಯಾರೇಜಿನ ಚಾವಿಯನ್ನು ಅವನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿದರು.

“ತಗೋ ಮಾಪಣ್ಣ. ನಾ ಇರ್ಲಿ ಬಿಡ್ಲಿ, ನಿನ್ನ ಗಾಡಿ ಓಡೂತನಕ ಈ ಜಾಗಾ ನಿಂದು” ಎಂದರು.

ಅವರ ಹೆಂಡತಿ ಸೂಗಮ್ಮ ಅಲ್ಲೇ ಇದ್ದಳು. ಸುನೀಲಕುಮಾರನೂ ಇದ್ದ. “ಹೌದು ಕಾಕಾ, ನಿನಗ ಯಾರ್ ಬ್ಯಾಡ ಅಂತಾರ” ಎಂದು ತಾನೂ ಒಂದು ಮಾತು ಸೇರಿಸಿದ್ದ.

ಮಾಸ್ತರರು ಹೋದರು. ಮಾಪಣ್ಣನ ಆಟೋ ಬೆಳಿಗ್ಗೆ ಹೊರಗೆ, ಸಂಜೆ ಒಳಗೆ, ಹಾಗೆಯೇ ನಡೆದಿತ್ತು. ಆಮೇಲೆ ಸುನೀಲಕುಮಾರ ಒಂದು ಬಿಳಿ ಕಾರು ತಂದ. ಅದನ್ನು ಎದುರಿನ ಬೇವಿನ ಮರದ ಕೆಳಗೆ ನಿಲ್ಲಿಸಬೇಕಾಯಿತು. ಕಲಬುರಗಿಯ ಬಿಸಿಲೇನು ಸಾಮಾನ್ಯವೇ! ಮಧ್ಯಾಹ್ನ ಸ್ಟೇರಿಂಗ್ ಮುಟ್ಟಿದರೆ ಕಾದ ಹೆಂಚು ಮುಟ್ಟಿದ ಹಾಗೆ. ಮೇಲಿನಿಂದ ಕಾಗೆಗಳ ಕೃಪೆ ಬೇರೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಹೆಂಡತಿ ಅಂಬಿಕಾಗೆ ಸುತ್ತುಬಳಸಿ ಮಾತಾಡುವ ಅಭ್ಯಾಸವಿಲ್ಲ.

“ಮಾಪಣ್ಣಗ ಒಂದು ಮಾತು ಹೇಳ್ರಿ. ಶಾಣ್ಯಾ ಮನಷ್ಯಾ, ತಿಳಕೋತಾನ. ಅವನ ಗಾಡಿಗಿ ಎಲ್ಲೆರ ಜಾಗಾ ನಾವೂ ಹುಡುಕಿ ಕೊಡೂಣು.”

“ಹೇಳ್ತೀನಿ.”

“ಯಾವಾಗ?”

“ಹೇಳ್ತೀನಿ ಅಂದ್ನೆಲ್ಲ.”

ಹೇಳಲು ಹೋಗಿದ್ದೂ ಉಂಟು. ಮಾಪಣ್ಣ ಬಕೆಟ್ ಹಿಡಿದು ಆಟೋ ತೊಳೆಯುತ್ತಿದ್ದಾಗ ಪಕ್ಕ ಹೋಗಿ ನಿಂತ. “ಕಾಕಾ...” ಎಂದ. “ಹೇಳ್ರಿ ಸುನೀಲಪ್ಪ” ಎಂದು ಮಾಪಣ್ಣ ಕೈ ಒರೆಸಿಕೊಂಡು ಎದ್ದು ನಿಂತ. ಅಷ್ಟೇ, ಇವನ ನಾಲಿಗೆ ಒಳಗೆ ಮಡಚಿಕೊಂಡಿತು. “ಏನಿಲ್ಲ, ಬಿಸಿಲು ಭಾಳ ಅದಲ್ಲ” ಎಂದ. “ಹೌದ್ರಿ, ಈ ಸಲ ಭಾಳ ಅದ” ಎಂದ ಮಾಪಣ್ಣ. ಇಷ್ಟು ಘನಂದಾರಿ ಮಾತುಕತೆ ಮುಗಿಸಿ ಇವನು ಒಳಗೆ ಬಂದ.

ಒಂದು ಮಾತು ಆಡಲಾಗದವನು ಎಂಥ ದೊಡ್ಡ ಏರ್ಪಾಟು ಮಾಡಬಲ್ಲ ನೋಡಿ. ಆ ಹೊತ್ತಿಗೆ ಸೂಗಮ್ಮ ಕಮಲಾಪುರದಲ್ಲಿ ಮಗಳು ಕಾವೇರಿಯ ಮನೆಗೆ ಹೋಗಿದ್ದಳು. ಅವಳನ್ನು ಕರೆತರಬೇಕಿತ್ತು. ಸುನೀಲಕುಮಾರ ಮಾಪಣ್ಣನ ಮುಂದೆ ನಿಂತು ಮುಖ ಸಣ್ಣದು ಮಾಡಿದ.

“ಕಾಕಾ, ಅವ್ವನ್ನ ಕರ್ಕೊಂಡು ಬರಬೇಕಿತ್ತು. ಬಸ್ಸಿನ್ಯಾಗ ಅಕಿಗಿ ಆಗಂಗಿಲ್ಲ. ನನ್ನ ಕಾರು ಸರ್ವೀಸಿಂಗಿಗೆ ಕೊಡಬೇಕಾಗ್ಯಾದ.”

“ಅದಕ್ಯಾಕ ಇಷ್ಟು ಸಂಕೋಚ ಮಾಡ್ತೀರಿ? ಇವತ್ತು ಹೋಗಿ ನಮ್ಮ ತಂಗಿ ಮನ್ಯಾಗ ಉಳೀತೀನಿ, ನಾಳಿ ಸಂಜೀಕ ಅವ್ವಾರನ್ನ ಕರ್ಕೊಂಡು ಬರ್ತೀನಿ. ನಾನೂ ಊರ ಮಾರಿ ನೋಡಿ ಭಾಳ ದಿನ ಆತು” ಎಂದು ಮಾಪಣ್ಣ ಖುಷಿಯಿಂದಲೇ ಹೊರಟ.

ಅವನ ಆಟೋ ಓಣಿಯ ತಿರುವು ದಾಟಿತೋ ಇಲ್ಲವೋ, ಇವನು ಸೂಪರ್ ಮಾರ್ಕೆಟಿನ ಕೀಲಿ ರಿಪೇರಿಯ ಚಾಂದಪಾಶಾನಿಗೆ ಫೋನು ಹಚ್ಚಿದ. ಶಟರಿನ ಕೀಲಿ, ಅಂದರೆ ಬೀಗ, ಹೊರಗೆ ಕಾಣುವಂಥದ್ದಲ್ಲ. ತಗಡಿನ ಒಳಮೈಗೆ ಸ್ಕ್ರೂ ಹಾಕಿ ಕೂಡಿಸಿದ ಪೆಟ್ಟಿಗೆ ಅದು; ಹೊರಗಿನವರಿಗೆ ಚಾವಿ ಹಾಕುವ ತೂತು ಒಂದೇ ಕಾಣುತ್ತದೆ. ‘ಅದೇ ಕಂಪನಿಯದ್ದು ತಾ’ ಎಂದು ಇವನು ಮೊದಲೇ ಹೇಳಿದ್ದ. ಒಳಗಿನ ಕೀಲಿ ಬದಲಾದರೂ ತೂತು ಮೊದಲಿನ ಹಾಗೆಯೇ ಇರುತ್ತದೆ, ಹಳೆಯ ಚಾವಿ ಒಳಗೆ ಹೋಗುತ್ತದೆ, ತಿರುಗುವುದಿಲ್ಲ. ಮಾಪಣ್ಣ ಕೇಳಿದರೆ ‘ಕೀಲಿ ಕೆಟ್ಟದ ಕಾಕಾ, ಕಂಪನಿಯವರು ಬರಬೇಕು, ಅಲ್ಲೀತನಕ ಗಾಡಿ ಬ್ಯಾರೆ ಕಡೆ ಹಚ್ಚು’ ಎಂದರಾಯಿತು. ನಾಲ್ಕು ದಿನ ಹೋದರೆ ಅವನೇ ಬೇರೆ ಜಾಗ ನೋಡಿಕೊಳ್ಳುತ್ತಾನೆ. ಯಾರೂ ಯಾರಿಗೂ ಏನೂ ಅಂದ ಹಾಗಾಗುವುದಿಲ್ಲ. ಇದು ಅವನ ಬುದ್ಧಿವಂತಿಕೆ!

ಚಾಂದಪಾಶಾ ಹಳೆಯ ಕೀಲಿ ಬಿಚ್ಚಿ ಅಂಗೈಯಲ್ಲಿ ತೂಗಿ ನೋಡಿದ. “ಅರೆ ಸಾಬ್, ಇದು ಛಲೋ ಅದಲ್ಲ? ಇನ್ನೂ ಭಾಳ ವರ್ಷ ಬರ್ತದ.”

“ಬದಲಿ ಮಾಡು ಅಂದ್ರ ಮಾಡು” ಎಂದು ಸುನೀಲಕುಮಾರ ಗದರಿದ. ಗದರುವ ಅಗತ್ಯವಿಲ್ಲದ ಕಡೆ ಅವನಿಗೆ ಧೈರ್ಯ ಚೆನ್ನಾಗಿ ಬರುತ್ತದೆ.

ಗ್ಯಾರೇಜಿನ ಮೂಲೆಯಲ್ಲಿ ಮಾಪಣ್ಣನ ಪುಟ್ಟ ಸಂಸಾರವಿತ್ತು: ಒಂದು ಚಾಪೆ, ಮೊಳೆಗೆ ತೂಗು ಹಾಕಿದ ಖಾಕಿ ಅಂಗಿ, ಎಣ್ಣೆಯ ಡಬ್ಬಿ, ಗೋಡೆಯ ಮೇಲೆ ಬುದ್ಧನ ಪಟ. ಅಂಗಿ, ಚಾಪೆ, ಡಬ್ಬಿಯನ್ನು ಸುನೀಲಕುಮಾರ ಒಂದು ಗೋಣಿಚೀಲಕ್ಕೆ ತುಂಬಿದ. ಪಟಕ್ಕೆ ಕೈ ಚಾಚಿದ, ಕೈ ಹಿಂದೆ ಬಂತು. ಅದನ್ನು ಅಲ್ಲೇ ಬಿಟ್ಟು ಕಾರನ್ನು ಒಳಗೆ ತಂದು ಶಟರು ಎಳೆದ.

ಅಂಬಿಕಾ ಶಾಲೆಯಿಂದ ಬಂದವಳು ಬೇವಿನ ಮರದ ಕೆಳಗೆ ನೋಡಿದಳು, ಶಟರು ನೋಡಿದಳು, ಗಂಡನ ಮುಖ ನೋಡಿದಳು. ವಿಷಯ ಹೊರಗೆ ಬಿತ್ತು.

“ಹೇಳ್ರಿ ಅಂದಿದ್ದೆ. ಕೀಲಿ ಬದಲಸ್ರಿ ಅಂದಿದ್ನೇನು? ಆ ಮನಷ್ಯಾನ್ನ ನಿಮ್ಮ ಅವ್ವನ್ನ ಕರ್ಕೊಂಡು ಬಾ ಅಂತ ಕಳಿಸಿ, ಬೆನ್ನ ಹಿಂದ ಈ ಕೆಲಸ ಮಾಡೀರಿ? ಥೂ! ಮೊದಲು ಹಳೀ ಕೀಲಿ ಕೂಡಸ್ರಿ, ಇನ್ನೂ ಟೈಮ್ ಅದ.”

“ನಾಳಿ ನೋಡೂಣು” ಎಂದ ಅವನು. ನಿಜ ಹೇಳಬೇಕೆಂದರೆ, ಹಳೆಯ ಕೀಲಿ ಕೂಡಿಸಬೇಕು ಎಂದು ಅವನಿಗೂ ಎರಡು ಸಲ ಅನ್ನಿಸಿತು. ಆದರೆ ಕಾರು ಆ ನೆರಳಲ್ಲಿ ತಣ್ಣಗೆ ನಿಂತದ್ದು ಕಣ್ಣಿಗೆ ಎಷ್ಟು ಚಂದ ಕಂಡಿತ್ತು! ಹಾಗೆಯೇ ಬಿಟ್ಟ.

ಮರುದಿನ ಸಂಜೆ ಆಟೋ ಬಂತು. ಸೂಗಮ್ಮ ಚೀಲ, ಮಗಳು ಕೊಟ್ಟ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು ಹಿಡಿದು ಇಳಿದಳು. ದಾರಿಯ ತುಂಬ ಮಾಪಣ್ಣ ತನ್ನನ್ನು ಹೇಗೆ ನೋಡಿಕೊಂಡ ಎಂಬುದೇ ಅವಳ ಮಾತು. ಎಲ್ಲಿ ತಗ್ಗು ಬಂದರೂ ನಿಧಾನ ಮಾಡಿದನಂತೆ, ನಡುವೆ ಗಿಡದ ನೆರಳಿಗೆ ನಿಲ್ಲಿಸಿ ಎಳನೀರು ಕುಡಿಸಿದನಂತೆ. ಸುನೀಲಕುಮಾರ ‘ಹೂಂ, ಹೂಂ’ ಎನ್ನುತ್ತ ಕಿಟಕಿಯ ಪರದೆಯ ಹಿಂದೆ ಸರಿದ. ಹೊರಗೆ ಮಾಪಣ್ಣ ಶಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ.

ಚಾವಿ ಹಾಕಿದ, ತಿರುಗಲಿಲ್ಲ. ಹೊರಗೆ ತೆಗೆದು ಅಂಗಿಗೆ ಒರೆಸಿ ಮತ್ತೆ ಹಾಕಿದ, ತಿರುಗಲಿಲ್ಲ. ಆಮೇಲೆ ಚಾವಿಯನ್ನು ತನ್ನ ತಲೆಗೂದಲಿಗೆ ಗಸಗಸ ತಿಕ್ಕಿದ. ಕೊಬ್ಬರಿ ಎಣ್ಣೆ ಹತ್ತಿದ ಕೂದಲು, ಅದರ ಜಿಡ್ಡು ಚಾವಿಗೆ ಹಿಡಿದರೆ ಸಲೀಸಾಗಿ ತಿರುಗುತ್ತದೆ ಎಂಬುದು ಅವನ ಲೆಕ್ಕ. ಹಾಗೂ ತಿರುಗದಿದ್ದಾಗ ತೂತಿನ ಬಳಿ ಬಾಯಿ ತಂದು ಊದಿದ, ಧೂಳು ಕೂತಿರಬೇಕೆಂದು. ಶಟರಿನ ಬೆನ್ನಿಗೆ ಮೆಲ್ಲಗೆ ತಟ್ಟಿದ, ಹಟ ಹಿಡಿದ ಎಮ್ಮೆಗೆ ತಟ್ಟುವಂತೆ. ಆ ಕೀಲಿ ಕೆಟ್ಟಿದೆ ಎಂದು ಅವನು ತಿಳಿದ. ತನ್ನನ್ನು ಹೊರಗೆ ಹಾಕಿದ್ದಾರೆ ಎಂಬ ಗುಮಾನಿ ಅವನ ಮನಸ್ಸಿನ ಹತ್ತಿರವೂ ಸುಳಿಯಲಿಲ್ಲ.

ಕಿಟಕಿಯ ಹಿಂದೆ ನಿಂತವನು ಇದನ್ನೆಲ್ಲ ನೋಡಿದ. ಹೋಗಿ ಹೇಳಿಬಿಡಲೇ ಎಂದು ಹೆಜ್ಜೆ ಎತ್ತಿದ. ಅಷ್ಟರಲ್ಲಿ ಮಾಪಣ್ಣ ಆಟೋದಿಂದ ಇಕ್ಕಳ ತಂದು ಚಾವಿಯ ತಲೆ ಹಿಡಿದು ಜೋರಾಗಿ ತಿರುವಿದ. ಟಪ್ ಎಂದು ಸದ್ದಾಯಿತು.

ಮಾಪಣ್ಣ ಒಳಗೆ ಬಂದಾಗ ಅವನ ಅಂಗೈಯಲ್ಲಿ ಅರ್ಧ ಚಾವಿ ಇತ್ತು. ಉಳಿದರ್ಧ ಕೀಲಿಯ ಹೊಟ್ಟೆಯಲ್ಲಿ.

“ಸುನೀಲಪ್ಪ, ನನ್ನಿಂದ ತಪ್ಪಾತ್ರಿ” ಎಂದ. “ಮಾಸ್ತರ್ ಕೈಯಾರ ಕೊಟ್ಟ ಚಾವಿ ರೀ ಇದು. ನಿನ್ನಿ ಹೋಗೂ ಗಡಿಬಿಡ್ಯಾಗ ನಾನೇ ಅಡ್ಡಾತಿಡ್ಡಿ ತಿರುವೀನೋ ಏನೋ, ಕೀಲಿ ಕೆಡಿಸಿಬಿಟ್ಟೀನಿ.”

ಸುನೀಲಕುಮಾರ ಎರಡು ದಿನದಿಂದ ಹೊಸೆದಿಟ್ಟ ಸುಳ್ಳನ್ನು ಮಾಪಣ್ಣನೇ ತಂದು ಅವನ ಕೈಗಿಟ್ಟಿದ್ದ, ಅದೂ ಕ್ಷಮೆ ಕೇಳಿ! ಇವನು ಮಾಡಬೇಕಾದ್ದು ಏನೂ ಉಳಿದಿರಲಿಲ್ಲ.

“ಇರ್ಲಿ ಬಿಡು ಕಾಕಾ” ಎಂದ ಅವನು. ಕ್ಷಮಿಸುವವನ ದನಿಯಲ್ಲಿ ಅಂದ. ಇದಕ್ಕಿಂತ ಹೊಲಸು ಮಾತು ಅವನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಅಡುಗೆಮನೆಯಲ್ಲಿ ಅಂಬಿಕಾ ಪಾತ್ರೆಯೊಂದನ್ನು ಧಡ್ ಎಂದು ಕುಕ್ಕಿದಳು.

“ಹಳೀ ಕೀಲಿ, ಎಷ್ಟು ದಿನ ಬಾಳ್ತದ? ಅದಕ್ಯಾಕ ಇಷ್ಟು ಮನಸಿಗಿ ಹಚ್ಕೋತಿ ಮಾಪಣ್ಣ?” ಎಂದಳು ಸೂಗಮ್ಮ.

“ಇಲ್ರಿ ಅವ್ವಾರ. ನಾ ಕೆಡಿಸೀನಿ, ನಾನೇ ದುರಸ್ತ ಮಾಡಿಸ್ತೀನಿ. ಮುಂಜಾನೆ ಚಾಂದಪಾಶಾನ್ನ ಕರ್ಕೊಂಡೇ ಬರ್ತೀನಿ.”

ಸುನೀಲಕುಮಾರ ಗಡಬಡಿಸಿ ಮುಂದೆ ಬಂದ. “ಬ್ಯಾಡ ಕಾಕಾ, ನಾ ಮಾಡಿಸ್ತೀನಿ” ಎಂದ. ಮಾಪಣ್ಣ ಕೇಳಲಿಲ್ಲ. ಅರ್ಧ ಚಾವಿಯನ್ನು ಜೇಬಿಗೆ ಹಾಕಿಕೊಂಡು ಹೋದ.

ಅವನು ಹೋದ ಕೂಡಲೇ ಇವನು ಮಾಳಿಗೆ ಹತ್ತಿ ಚಾಂದಪಾಶಾನಿಗೆ ಫೋನು ಮಾಡಿದ. ಕೀಲಿ ಬದಲಿಸಿದ್ದನ್ನು ಬಾಯಿ ಬಿಡಬೇಡ ಎಂದು ಗೋಗರೆದ.

“ನಾ ಯಾಕ ಬಾಯಿ ಬಿಡ್ಲಿ ಸಾಬ್? ಬಿಡಂಗಿಲ್ಲ” ಎಂದ ಚಾಂದಪಾಶಾ. ಆಮೇಲೆ, “ಲೇಕಿನ್ ಸಾಬ್, ಶಟರು ಎತ್ತಿದ್ರ ಒಳಗ ಕಾರು ಕಾಣ್ತದಲ್ಲ? ಅದಕ್ಕ ಏನ್ ಹೇಳಬೇಕು?” ಎಂದು ಕೇಳಿದ.

ಇದು ಸುನೀಲಕುಮಾರನ ತಲೆಗೆ ಹೊಳೆದೇ ಇರಲಿಲ್ಲ. ಅಂಬಿಕಾ ಮಾಳಿಗೆ ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ಈಗ ಗಾಜಿಪುರಕ್ಕ ಹೋಗ್ರಿ. ಶಟರು ಹೇಳೂ ಮೊದಲ ನೀವೇ ಹೇಳ್ರಿ. ಬೈಸ್ಕೊಂಡು ಬರ್ರಿ, ಹಗುರ ಆಗ್ತೀರಿ” ಎಂದಳು. ಅವನು ಹೊರಟ. ದಾರಿಯುದ್ದಕ್ಕೂ ‘ಕಾಕಾ, ಕೀಲಿ ಬದಲಿಸಿದಾಂವ ನಾನೇ’ ಎಂಬ ಮಾತನ್ನು ಬಾಯಿಪಾಠ ಮಾಡಿಕೊಳ್ಳುತ್ತ ನಡೆದ.

ಗಾಜಿಪುರದ ಮನೆಯಲ್ಲಿ ಮಾಪಣ್ಣನ ಹೆಂಡತಿ ತುಳಜಾಬಾಯಿ ಒಬ್ಬಳೇ ಇದ್ದಳು. ಅವಸರದಿಂದ ಕುರ್ಚಿ ಹಾಕಿ, ಸೆರಗಿನಿಂದ ಒರೆಸಿ, ಚಹಾಕ್ಕೆ ಇಟ್ಟಳು.

“ಬಂದಾಗಿಂದ ರೊಟ್ಟಿ ಮುಟ್ಟಿಲ್ಲ ನೋಡ್ರಿ ನಮ್ಮವ್ರು. ‘ನನ್ನ ಕೈಗಿ ಏನಾಗ್ಯಾದ, ಮಾಸ್ತರ್ ಚಾವಿ ಮುರದ್ನೆಲ್ಲ’ ಅಂತ ಒಂದೇ ಮಾತು. ನೀವು ಬಂದದ್ದು ಛಲೋ ಆತು. ನೀವೇ ಹೇಳ್ರಿ ಅವರಿಗಿ, ಸಿಟ್ಟಿಲ್ಲ ಅಂತ.”

ಅಷ್ಟರಲ್ಲಿ ಮಾಪಣ್ಣ ಬಂದ. ಕೈಯಲ್ಲೊಂದು ಹೊಸ ಪೊಟ್ಟಣ. “ಅಯ್ಯ, ನೀವ್ಯಾಕ ಬರೂ ತ್ರಾಸ ತಗೊಂಡ್ರಿ ಸುನೀಲಪ್ಪ? ನೋಡ್ರಿ, ಶಟರಿನ ಕೀಲಿ ತಂದೀನಿ. ಸಾದಾ ಅಲ್ಲ, ಅಂಗಡ್ಯಾಗ ಎಲ್ಲಕ್ಕಿಂತ ಛಲೋದು ಇದು. ನಾಳಿ ಚಾಂದಪಾಶಾ ಕೂಡಿಸ್ತಾನ” ಎಂದು ಪೊಟ್ಟಣ ಬಿಚ್ಚಿ ತೋರಿಸಿದ. ಇವತ್ತು ಆಟೋ ಎಲ್ಲಿ ಎಂದು ಕೇಳಿದ್ದಕ್ಕೆ, “ರೋಡಿನ್ಯಾಗ ಅದ. ಬ್ಯಾಟರಿ ಕದೀತಾರ, ಅದಕ್ಕ ಅದರಾಗೇ ಮಲಗ್ತೀನಿ. ಒಂದಿನದ ಮಾತು” ಎಂದು ನಕ್ಕ.

ಹೇಳಬೇಕಾದ ಗಳಿಗೆ ಅದೇ ಆಗಿತ್ತು. ಇವನು ಬಾಯಿ ತೆರೆದ.

“ಸಕ್ರಿ ಸಾಕೇನ್ರಿ?” ಎಂದಳು ತುಳಜಾಬಾಯಿ.

“ಸಾಕ್ರಿ” ಎಂದ. ಚಹಾ ಕುಡಿದ. ಎದ್ದು ಬಂದ. ಎಂಥ ಮನುಷ್ಯ ರೀ ಇವನು! ಮನೆಗೆ ಬರುವಷ್ಟರಲ್ಲಿ ಅವನಿಗೇ ತನ್ನ ಮೇಲೆ ಹೇಸಿಗೆ ಹುಟ್ಟಿತ್ತು. ಅಂಬಿಕಾ ಅವನ ಮುಖ ನೋಡಿದವಳೇ ಗೋಡೆಯ ಕಡೆ ಮಗ್ಗುಲಾದಳು.

ಬೆಳಿಗ್ಗೆ ಮಾಪಣ್ಣ ಚಾಂದಪಾಶಾನನ್ನು ಆಟೋದಲ್ಲಿ ಕೂರಿಸಿಕೊಂಡೇ ಬಂದ. ಸೂಗಮ್ಮ ಜಗುಲಿಯ ಮೇಲೆ ಕೂತಿದ್ದಳು. ಚಾಂದಪಾಶಾ ಯಾರ ಮುಖವನ್ನೂ ನೋಡದೆ ಶಟರಿನ ಮುಂದೆ ಕೂತು, ಸಣ್ಣ ತಂತಿ ಆಡಿಸಿ, ಮುರಿದ ತುಂಡನ್ನು ಹೊರಗೆ ತೆಗೆದ. ಆಮೇಲೆ ಹಿಂದಕ್ಕೆ ಕೈ ಚಾಚಿ, ಕೆಲಸದ ರೂಢಿಯಲ್ಲಿ, “ಚಾವಿ ಕೊಡ್ರಿ ಸಾಬ್” ಎಂದ.

ಎಲ್ಲರೂ ಸುನೀಲಕುಮಾರನ ಕಡೆ ತಿರುಗಿದರು. ಅವನ ಕೈ ಪ್ಯಾಂಟಿನ ಜೇಬಿಗೆ ಹೋಯಿತು. ಹೊಳೆಯುವ ಹೊಸ ಚಾವಿ ಹೊರಗೆ ಬಂತು. ಅದು ಕೀಲಿಯಲ್ಲಿ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಶಟರು ಗಡಗಡ ಮೇಲೆ ಹೋಯಿತು. ಒಳಗೆ ಬಿಳಿ ಕಾರು, ಅದರಾಚೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಬಾಯಿ ಕಟ್ಟಿದ ಗೋಣಿಚೀಲ. ಚೀಲದ ಬಾಯಲ್ಲಿ ಖಾಕಿ ಅಂಗಿಯ ತೋಳು ಹೊರಗೆ ಜೋತಿತ್ತು.

ಮಾಪಣ್ಣ ಆ ತೋಳನ್ನೇ ನೋಡುತ್ತ ನಿಂತ. ಅವನಿಗೆ ಎಲ್ಲ ತಿಳಿಯಿತು. ತಿಳಿದದ್ದು ಸುನೀಲಕುಮಾರನಿಗೂ ಕಂಡಿತು.

“ಅಯ್ಯ, ಕಾರು ಸರ್ವೀಸಿಂಗಿಗೆ ಹೋಗ್ಯಾದ ಅಂತ ಮಾಪಣ್ಣ ಅಂದಿದ್ನೆಲ್ಲೊ ಸುನೀಲ? ಇಲ್ಲೇ ಅದಲ್ಲ!” ಎಂದಳು ಸೂಗಮ್ಮ.

ಮಾತಾಡಿದವನು ಮಾಪಣ್ಣ.

“ನಾನೇ ಹೇಳಿದ್ನಿರಿ ಅವ್ವಾರ, ಬಿಸಿಲಾಗ ಕಾರು ಹಾಳಾಗ್ತದ, ಒಳಗ ಹಚ್ಚಿಕೊಳ್ರಿ ಅಂತ. ನನಗ ಬ್ಯಾರೆ ಕಡೆ ಜಾಗಾ ಆಗ್ಯಾದ. ನಿನ್ನಿ ರೂಢಿ ಮ್ಯಾಲ ಚಾವಿ ಹಾಕಿಬಿಟ್ಟೆ, ಮರತಿದ್ದೆ.”

ಸೂಗಮ್ಮನ ಮುಖ ಕಪ್ಪಿಟ್ಟಿತು. ಜಗುಲಿಯಿಂದ ಇಳಿದು ಬಂದಳು. “ಬ್ಯಾರೆ ಕಡೆ ಜಾಗಾ ಮಾಡ್ಕೊಂಡ್ಯಾ? ನಿನ್ನಿ ದಾರಿ ತುಂಬಾ ನನ್ನ ಜೋಡಿ ಮಾತಾಡ್ಕೋತ ಬಂದಿ, ಇದೊಂದು ಹೇಳ್ಲಿಲ್ಲ. ಅವರು ಇರೂತನಕ ಈ ಮನಿ ಬೇಕಾಗಿತ್ತು, ಅವರು ಸತ್ತ ಮ್ಯಾಲ ಬ್ಯಾಡಾತು, ಹೌದಿಲ್ಲೊ? ನಿನ್ನ ನಮ್ಮಾಂವ ಅಂತ ತಿಳದಿದ್ನೆಲ್ಲ ನಾ!” ಎಂದು ಕಣ್ಣಿಗೆ ಸೆರಗು ಹಚ್ಚಿದಳು.

“ತಪ್ಪಾತ್ರಿ ಅವ್ವಾರ” ಎಂದು ಮಾಪಣ್ಣ ತಲೆ ತಗ್ಗಿಸಿದ.

ತಾನು ಮಾಡದ ತಪ್ಪಿಗೆ ಅವನು ಎರಡನೆಯ ಸಲ ತಲೆ ತಗ್ಗಿಸಿದ್ದ. ಮೊದಲನೆಯ ಸಲ ಸುನೀಲಕುಮಾರ ಅದನ್ನು ನುಂಗಿಕೊಂಡಿದ್ದ. ಈ ಸಲ ನುಂಗಲು ಆಗಲಿಲ್ಲ.

“ಅವ್ವ, ಅವನಿಗಿ ಬೈಬ್ಯಾಡ” ಎಂದ. ಮಾತು ಬಂದದ್ದೇ ಅವನಿಗೆ ಆಶ್ಚರ್ಯ. “ಕಾಕಾ ಸುಳ್ಳ ಹೇಳಾಕತ್ಯಾನ. ನನ್ನ ಸಲುವಾಗಿ. ಅವನ್ನ ಕಮಲಾಪುರಕ್ಕ ಕಳಿಸಿ ಹಿಂದ ಕೀಲಿ ಬದಲಿ ಮಾಡಿಸಿದಾಂವ ನಾ. ಹೇಳಾಕ ಧೈರ್ಯ ಸಾಲಲಿಲ್ಲ.”

ಚಾಂದಪಾಶಾ ಹತಾರಗಳನ್ನು ಚೀಲಕ್ಕೆ ತುಂಬತೊಡಗಿದ. ಸೂಗಮ್ಮ ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ನಿನ್ನೆಯ ಚೀಲವಿತ್ತು, ಇನ್ನೂ ಬಿಚ್ಚಿರಲಿಲ್ಲ. ಸೀದಾ ಹೋಗಿ ಆಟೋದಲ್ಲಿ ಕೂತಳು.

“ನಡಿ ಮಾಪಣ್ಣ. ನನ್ನ ಕಾವೇರಿ ಮನಿಗಿ ಬಿಡು.”

“ಬ್ಯಾಡ್ರಿ ಅವ್ವಾರ, ಮಗಾ ಅಲ್ಲೇನ್ರಿ” ಎಂದ ಮಾಪಣ್ಣ.

“ಮಗಾ ಅಂತನೇ ಹೊಂಟೀನಿ. ಬ್ಯಾರೇದವ್ರಿದ್ರ ಬೈದು ಇಲ್ಲೇ ಕೂಡ್ತಿದ್ದೆ.”

ಸುನೀಲಕುಮಾರ ಆಟೋದ ಸರಳು ಹಿಡಿದುಕೊಂಡ. “ನಾ ಕಾರಿನ್ಯಾಗ ಬಿಡ್ತೀನವ್ವ...”

“ನಿನ್ನ ಕಾರು ನೆರಳಾಗ ಇರ್ಲಿ. ಹೊರಗ ತಗದ್ರ ಬಿಸಿಲು ಬಡೀತದ” ಎಂದಳು ಸೂಗಮ್ಮ.

ಆಟೋ ಹೋಯಿತು. ಮಾಪಣ್ಣ ತಂದ ಹೊಸ ಕೀಲಿಯ ಪೊಟ್ಟಣ ಶಟರಿನ ಪಕ್ಕ ಹಾಗೆಯೇ ಉಳಿದಿತ್ತು. “ಇದನ್ನೇನು ಮಾಡ್ಲಿ ಸಾಬ್?” ಎಂದು ಚಾಂದಪಾಶಾ ಕೇಳಿದಾಗ ಅಂಬಿಕಾ ಗಂಡನ ಬದಲು ತಾನೇ ಉತ್ತರ ಕೊಟ್ಟಳು. “ಇದನ್ನೇ ಕೂಡಸ್ರಿ. ಅಲ್ಲೀತನಕ ಇವರು ಕಾರು ಹೊರಗ ತಗೀತಾರ, ಇದರ ಚಾವಿ ತಗೊಂಡು ಕಮಲಾಪುರಕ್ಕ ಹೋಗ್ತಾರ.”

ಅವನು ಹೋದ. ಕಾವೇರಿಯ ಮನೆಯ ಮುಂದೆ ಆಟೋ ನಿಂತಿತ್ತು. ಮಾಪಣ್ಣ ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ಕಾರಿನಿಂದ ಇಳಿದ ಸುನೀಲಕುಮಾರ ಅವನ ಎದುರು ನಿಂತು ಚಾವಿ ಚಾಚಿದ.

“ಕಾಕಾ, ನೀ ತಂದ ಕೀಲಿದೇ ಚಾವಿ ಇದು. ಕೂಡಿಸೀವಿ. ಕಾರು ಹೊರಗೇ ಇರ್ತದ. ಅಪ್ಪ ಹೇಳಿದ್ದು ಹೇಳಿದಂಗೇ ನಡೀತದ. ನನ್ನ ಬೈ, ಎರಡು ಹೊಡಿ. ಚಾವಿ ಮಾತ್ರ ಬ್ಯಾಡ ಅನಬ್ಯಾಡ.”

ಮಾಪಣ್ಣ ಬೈಯಲಿಲ್ಲ. ಅವನ ಮುಖದಲ್ಲಿ ಸಿಟ್ಟೂ ಕಾಣಲಿಲ್ಲ. ಸಿಟ್ಟು ಕಂಡಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಸುನೀಲಕುಮಾರನಿಗೆ ಅನ್ನಿಸಿತು.

“ನಿನ್ನಿ ನೀವು ನಮ್ಮ ಮನಿಗಿ ಬಂದಾಗ ನನಗ ಎಷ್ಟು ಸಂತೋಷ ಆಗಿತ್ತು ಗೊತ್ತೇನ್ರಿ?” ಎಂದ ಮಾಪಣ್ಣ. “‘ಸಿಟ್ಟಿಲ್ಲ ಅಂತ ಹೇಳಾಕ ನಡಕೋತ ಬಂದಾನ, ಮಾಸ್ತರ್ ಮಗಾ ಅಂದ್ರ ಹಿಂಗಿರಬೇಕು’ ಅಂದೆ ನಮ್ಮಾಕಿ ಮುಂದ. ಅದರ ಮ್ಯಾಲೇ ಒಂದು ರೊಟ್ಟಿ ತಿಂದೆ.”

ಚಾಚಿದ ಕೈ ಹಾಗೆಯೇ ಇತ್ತು. ಸುನೀಲಕುಮಾರನ ಕಣ್ಣಲ್ಲಿ ನೀರು ಬಂತು.

“ತಗೋ ಕಾಕಾ.”

“ಬ್ಯಾಡ್ರಿ” ಎಂದು ಮಾಪಣ್ಣ ಆ ಕೈಯನ್ನು ಮೆಲ್ಲಗೆ ಅವನ ಕಡೆಗೇ ಮಡಚಿದ. “ಮಾಸ್ತರ್ ಕೊಟ್ಟಾಗ ಹಿಂದಮುಂದ ನೋಡದ ತಗೊಂಡಿದ್ದೆ. ನಿಮ್ಮ ಕೈಯಾಗಿಂದ ತಗೊಳ್ಳಾಕ ಅಂಜಿಕಿ ಬರ್ತದ್ರಿ. ದಿನಾ ಸಂಜೀಕ ಚಾವಿ ಹಾಕೂ ಮುಂದ, ಇವತ್ತು ತಿರಗ್ತದೋ ಇಲ್ಲೋ ಅಂತ ನೋಡಬೇಕಾಗ್ತದ.”